ಬೊಮ್ಮನಹಳ್ಳಿಗೆ ಒಂಬತ್ತು ಮಾಲೆ

ಕಳೆದ ಶನಿವಾರ ಜೆ.ಪಿ. ನಗರದ ಒಂದು ಮೋಟಾರ್‌ಸೈಕಲ್ ಷೋರೂಮಿನಲ್ಲಿ ನಿಂತು ನಾನೊಬ್ಬಳೇ ನಕ್ಕುಬಿಟ್ಟೆ. ಗಾಡಿ ಮಾರುವವನು ನೆಲದ ಮೇಲೆ ಮಂಡಿಯೂರಿ, ಸೈಲೆನ್ಸರಿನ ಮೇಲೆ ಕೂರಿಸಿದ್ದ ತೂತು ತೂತಿನ ತಗಡನ್ನು ಬೆರಳಿನಿಂದ ತಟ್ಟುತ್ತ, "ಇದು ಹೀಟ್ ಶೀಲ್ಡ್ ಆಂಟಿ. ಕಾಲು ತಾಗಿದ್ರೂ ಸುಡಲ್ಲ. ಲೇಟೆಸ್ಟ್ ಡಿಸೈನು" ಎಂದ. ಲೇಟೆಸ್ಟ್ ಎಂದನಲ್ಲ, ಅದಕ್ಕೆ ನಗು ಬಂತು. ಅಂಥದೊಂದು ತಗಡನ್ನು ನಲವತ್ತು ವರ್ಷದ ಹಿಂದೆ ಶ್ರೀನಗರದಲ್ಲಿ ನಮ್ಮತ್ತೆ ಮಾಡಿಸಿದ್ದರು.

ನನ್ನ ಮಗಳು ಎರಡು ಗಾಡಿಗಳ ನಡುವೆ ನಿಂತಿದ್ದಳು. ಒಂದಕ್ಕೆ ದುಂಡು ದೀಪ, ಉಬ್ಬಿದ ಟ್ಯಾಂಕು, ಕಂದು ಸೀಟು. ಇನ್ನೊಂದು ಇಲಿ ಕಂಡ ಬೆಕ್ಕಿನಂತೆ ಮುಂದಕ್ಕೆ ಬಾಗಿತ್ತು. "ಅಮ್ಮಾ, ನೀನೇ ಹೇಳು. ರೆಟ್ರೊನಾ, ಸ್ಪೋರ್ಟಿನಾ?" ಎಂದಳು. ನಾನು ಮನೆಯಲ್ಲೇ ಮನಸ್ಸಿನಲ್ಲಿ ರೆಟ್ರೊಗೆ ಓಟು ಹಾಕಿ ಬಂದಿದ್ದೆ. ಆದರೆ ಆ ತಗಡು ನೋಡಿದ ಮೇಲೆ ಬಾಯಿ ಬರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಶ್ರೀನಗರದ ಮನೆಗೆ ಬಂದಾಗ ನಾನು ಬೊಮ್ಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ವೋಲ್ಟ್ ಮೀಟರುಗಳಿಗೆ ಬೆಸುಗೆ ಹಾಕುತ್ತಿದ್ದೆ. ಎಂಟಕ್ಕೆ ಗೇಟು ಮುಚ್ಚುತ್ತಿತ್ತು. ಶ್ರೀನಗರದಿಂದ ಮಾರ್ಕೆಟ್ಟಿಗೊಂದು ಬಸ್ಸು, ಅಲ್ಲಿಂದ ಬೊಮ್ಮನಹಳ್ಳಿಗೆ ಇನ್ನೊಂದು. ಮೊದಲನೆಯದು ಸಿಕ್ಕರೆ ಎರಡನೆಯದು ಕಣ್ಣೆದುರೇ ಹೊರಟುಹೋಗುತ್ತಿತ್ತು. ನನ್ನದಿನ್ನೂ ಪ್ರೊಬೇಷನ್. ಸೂಪರ್‌ವೈಸರ್ ಒಂದು ದಿನ ಕರೆದು, "ನಿನ್ ಕೈ ಚೆನ್ನಾಗಿದೆಯಮ್ಮ, ಕಾಲೇ ಸರಿಯಿಲ್ಲ. ಯುಗಾದಿವರೆಗೂ ನೋಡ್ತೀನಿ. ಹೀಗೇ ಲೇಟಾದ್ರೆ ಕನ್ಫರ್ಮ್ ಮಾಡಲ್ಲ" ಎಂದರು. ಅಂದು ಸಂಜೆ ಮನೆಯಲ್ಲಿ ಅದನ್ನು ಹೇಳಿದಾಗ, ಕೆಲಸ ಬಿಡು ಎಂಬ ಮಾತು ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ತಲೆ ತಗ್ಗಿಸಿ ಕೂತಿದ್ದೆ. ಅತ್ತೆ ಬಾಯಿ ತೆರೆದವರು ಮಗನ ಕಡೆ ತಿರುಗಿ, "ಒಂದು ಗಾಡಿ ತಗೊಳ್ಳೋ" ಎಂದರು.

ನಮ್ಮತ್ತೆ ನಂಜಮ್ಮನವರನ್ನು ನೀವು ನೋಡಬೇಕಿತ್ತು. ಐದಡಿಗೆ ಎರಡಂಗುಲ ಕಡಿಮೆ. ಗಡಿಯಾರ ನೋಡಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಅವರ ಹೊತ್ತಿನ ಲೆಕ್ಕವೆಲ್ಲ ಜಪಮಾಲೆಯಲ್ಲಿ. ಬೇಳೆ ಬೇಯಲು ಹದಿನೈದು ಮಾಲೆ, ಅನ್ನಕ್ಕೆ ಒಂಬತ್ತು. ಹಾಲಿಗೆ ಮಾತ್ರ ಮಾಲೆ ಹಿಡಿಯುತ್ತಿರಲಿಲ್ಲ, ಹಾಲಿನ ಮುಂದೆ ರಾಮನನ್ನೂ ನಂಬಬಾರದು ಎನ್ನುತ್ತಿದ್ದರು. ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ, "ಇವತ್ತು ಎಷ್ಟು ಮೀಟ್ರು ಮಾಡ್ದೆ?" ಎಂದು ಕೇಳುತ್ತಿದ್ದರು. ನಲವತ್ತು ಎಂದರೆ ಎದುರು ಮನೆಗೆ ನಲವತ್ತೈದು ಎಂದು ಸುದ್ದಿ ಹೋಗುತ್ತಿತ್ತು.

ಸ್ಕೂಟರ್ ಯಾಕಲ್ಲ ಎಂದು ನೀವು ಕೇಳಬಹುದು. ಆಗ ಸ್ಕೂಟರಿಗೆ ಹೆಸರು ಬರೆಸಿದರೆ, ಹುಟ್ಟದ ಮಗು ಹುಟ್ಟಿ ಸ್ಕೂಲಿಗೆ ಸೇರುವ ಹೊತ್ತಿಗೆ ಬರುತ್ತಿತ್ತು. ಹಾಗಾಗಿ ಯಾರಾದರೂ ಓಡಿಸಿದ ಗಾಡಿಯನ್ನೇ ಹುಡುಕಬೇಕಾಯಿತು. ಎರಡು ಸಿಕ್ಕವು. ಎರಡೂ ಮುನ್ನೂರೈವತ್ತು ಸಿಸಿ. ಕಂಪನಿಗಳ ಹೆಸರು ಹೇಳುವುದಿಲ್ಲ, ನಿಮಗೆ ಗೊತ್ತಾಗುತ್ತದೆ. ಒಂದು ಹನುಮಂತನಗರದ ನಿವೃತ್ತ ಸುಬೇದಾರರದು. ಕಪ್ಪು ಬಣ್ಣ, ಚಿನ್ನದ ಗೆರೆ, ದುಂಡು ದೀಪ, ಬೀದಿಯ ಆ ತುದಿಯಲ್ಲಿದ್ದಾಗಲೇ ನಮ್ಮ ಕಿಟಕಿ ನಡುಗಿಸುವ ಸದ್ದು. ಆಗ ಅದಕ್ಕೆ ರೆಟ್ರೊ ಎಂಬ ಮರ್ಯಾದೆಯ ಹೆಸರಿರಲಿಲ್ಲ, ಹಳೇದು ಎನ್ನುತ್ತಿದ್ದೆವು. ಇನ್ನೊಂದು ನಮ್ಮವರ ಸಹೋದ್ಯೋಗಿಯದು. ಕೆಂಪು, ಎರಡು ಸಿಲಿಂಡರಿನದು, ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್. ಹೊರಟರೆ ನೀಲಿ ಹೊಗೆ ಮಾತ್ರ ಉಳಿಯುತ್ತಿತ್ತು. ಅವನಿಗೆ ಮದುವೆ ಗೊತ್ತಾಗಿತ್ತು. ಆ ಗಾಡಿ ಮಾರಿದರೇ ತಾಳಿ ಎಂದು ಮಾವನಾಗುವವರು ಹೇಳಿದ್ದರಂತೆ.

ನಮ್ಮವರು ಜಯನಗರದ ಒಂದು ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿದ್ದರು. ಐವತ್ತೆರಡು ಕೆಜಿ ತೂಕ. ಕಪ್ಪು ಗಾಡಿಯ ಮೇಲೆ ಕೂತರೆ ತಾವೂ ತೂಕದ ಮನುಷ್ಯರಾಗಿ ಕಾಣಬಹುದೆಂಬ ಆಸೆ ಅವರಿಗೆ. ಎದುರು ಮನೆಯ ಅಂಕಲ್ ಕೂಡ, "ಕೆಂಪು ಗಾಡಿ ಪೆಟ್ರೋಲ್ ಬಂಕಿನವನ ಅಳಿಯ ಕಣಯ್ಯ, ನಮ್ಮಂಥೋರಿಗಲ್ಲ" ಎಂದು ತೀರ್ಪು ಕೊಟ್ಟರು. ನನ್ನನ್ನು ಕೇಳಿದ್ದರೆ ನಾನೂ ಕಪ್ಪನ್ನೇ ಹೇಳುತ್ತಿದ್ದೆ. ಅದಕ್ಕೆ ಎಡಗಡೆ ಸೀರೆ ಗಾರ್ಡು, ಕಾಲಿಡಲು ಅಗಲವಾದ ಪಟ್ಟಿ, ಮೆತ್ತನೆಯ ಸೀಟು ಎಲ್ಲ ಇತ್ತು, ಸೈಲೆನ್ಸರ್ ಬಲಗಡೆಗಿತ್ತು. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

"ಹಿಂದೆ ಕೂತು ನಾನು ನೋಡ್ತೀನಿ" ಎಂದರು ಅತ್ತೆ.

"ದಿನಾ ಕೂರೋಳು ಇವಳಮ್ಮ" ಎಂದರು ನಮ್ಮವರು.

"ಇವಳು ಹೊಸ ಸೊಸೆ. ನೀನು ಹೇಗಿದೆ ಅಂತ ಕೇಳಿದ್ರೆ ಚೆನ್ನಾಗಿದೆ ಅಂತ ಸುಳ್ಳು ಹೇಳ್ತಾಳೆ. ನಂಗ್ಯಾವ ದಾಕ್ಷಿಣ್ಯ?"

ಗಾಡಿಯನ್ನು ಹಿಂದಿನ ಸಂಜೆಯೇ ತಂದು ನಮ್ಮ ಕಾಂಪೌಂಡಿನಲ್ಲಿ ನಿಲ್ಲಿಸಬೇಕೆಂದೂ ಅವರೇ ಹೇಳಿದರು. "ಬಿಸಿ ಗಾಡಿ ಯಾರು ಒದ್ರೂ ಏಳುತ್ತೆ. ಬೆಳಗಿನ ಚಳೀಲಿ ಏಳುತ್ತಾ ನೋಡ್ಬೇಕು." ಈ ಮಾತು ಅಷ್ಟು ಗಂಡಸರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಮೊದಲ ಭಾನುವಾರ ಕಪ್ಪು ಗಾಡಿ. ಧನುರ್ಮಾಸದ ಚಳಿ. ಅತ್ತೆ ಸೆರಗು ಹೊದ್ದು, ಮಾಲೆ ಹಿಡಿದು ಗೇಟಿನ ಬಳಿ ನಿಂತರು. ನಮ್ಮವರು ಸುಬೇದಾರರು ಹೇಳಿಕೊಟ್ಟಂತೆ ಮೀಟರಿನ ಮುಳ್ಳು ನೋಡಿದರು, ಯಾವುದೋ ಲಿವರ್ ಎಳೆದರು, ಒದ್ದರು. ಗಾಡಿ ತಿರುಗಿ ಒದೆಯಿತು. ಐವತ್ತೆರಡು ಕೆಜಿ ಒಂದಿಷ್ಟು ಮೇಲಕ್ಕೆ ಹಾರಿ ಇಳಿಯಿತು. ಅಂತೂ ಅದು ಎದ್ದಾಗ ಬೀದಿಯೆಲ್ಲ ಎದ್ದಿತ್ತು. ಬಲಗೈಯಲ್ಲಿ ಜಪ ನಡೆಯಬೇಕಾದ್ದರಿಂದ ಅತ್ತೆ ಮಗನ ಹೆಗಲು ಹಿಡಿಯಲಿಲ್ಲ. ಎಡಗೈಯಲ್ಲಿ ಸೀಟಿನ ಹಿಂದಿನ ಹಿಡಿ ಹಿಡಿದು, ಒಂದು ಪಕ್ಕಕ್ಕೆ ಕೂತು ಬೊಮ್ಮನಹಳ್ಳಿಗೆ ಹೋಗಿ ಬಂದರು. ಬಂದಾಗ ಮುಖ ಅರಳಿತ್ತು. "ತೊಟ್ಲಲ್ಲಿ ಕೂತಂಗಿತ್ತು ಕಣೆ. ಎಂಥಾ ಸುಖ!"

ನಮ್ಮವರು ಸುಬೇದಾರರ ಮನೆಗೆ ಹೊರಟೇಬಿಟ್ಟರು. "ತಡಿಯೋ, ಇನ್ನೊಂದು ನೋಡಿಲ್ಲ" ಎಂದು ಅತ್ತೆ ನಿಲ್ಲಿಸಿದರು.

ಮುಂದಿನ ಭಾನುವಾರ ಕೆಂಪು ಗಾಡಿ. ಒಂದೇ ಒದೆತಕ್ಕೆ ಎದ್ದಿತು. ಬ್ರಹ್ಮಚಾರಿಯ ಗಾಡಿಯಾದ್ದರಿಂದ ಸೀರೆ ಗಾರ್ಡಿರಲಿಲ್ಲ, ಪಕ್ಕಕ್ಕೆ ಕೂತವರ ಕಾಲಿಗೆ ಆಸರೆಯೂ ಇರಲಿಲ್ಲ. ಅತ್ತೆಯ ಪುಟ್ಟ ಕಾಲುಗಳು ತೂಗಾಡುತ್ತಲೇ ತಿರುವಿನಲ್ಲಿ ಮರೆಯಾದವು. ವಾಪಸು ಬಂದಾಗ ಮುಖ ಬಿಗಿದಿತ್ತು.

"ಏನಾಯ್ತಮ್ಮ?" ಎಂದರು ನಮ್ಮವರು.

"ಏನೂ ಆಗಿಲ್ಲ" ಎಂದು ಸೀದಾ ಹಿತ್ತಲಿಗೆ ನಡೆದರು. ಆಮೇಲೆ ನಾನು ಪಾತ್ರೆ ತೊಳೆಯಲು ಹೋದಾಗ, ಅಲ್ಲಿದ್ದ ಲೋಳೆಸರದ ಗಿಡದಲ್ಲಿ ಒಂದು ದಪ್ಪ ಎಲೆ ಆಗತಾನೇ ಮುರಿದಂತಿತ್ತು. ತಲೆಗೆ ಹಚ್ಚಿಕೊಂಡಿರಬೇಕು ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ಊಟಕ್ಕೆ ಕೂತಾಗ ಅತ್ತೆ ತೀರ್ಪು ಹೇಳಿದರು. "ಕರೀದು ಎಬ್ಬಿಸೋಕೇ ಮೂರು ಮಾಲೆ ಹೋಯ್ತು, ದಾರೀಲಿ ಹನ್ನೊಂದು. ಕೆಂಪುದು ಎಬ್ಬಿಸೋಕೆ ನಾಲ್ಕು ಮಣಿ, ಬೊಮ್ಮನಹಳ್ಳಿಗೆ ಒಂಬತ್ತು ಮಾಲೆ. ಕೆಂಪುದೇ ತಗೊ."

"ಕಪ್ಪುದ್ರಲ್ಲಿ ಸುಖ ಅಂದ್ಯಲ್ಲಮ್ಮ!"

"ಸುಖ ನಂಗೆ. ಇವಳಿಗೆ ಬೇಕಾಗಿರೋದು ಸುಖ ಅಲ್ಲ, ಎಂಟು ಗಂಟೆ."

"ಹತ್ತು ನಿಮಿಷ ಮುಂಚೆ ಹೊರಟ್ರಾಯ್ತು" ಎಂದರು ನಮ್ಮವರು.

"ನೀನಾ? ಮುಂಚೆ?" ಎಂದರು ಅತ್ತೆ. ನಮ್ಮವರು ಮುಖ ಸಪ್ಪೆ ಮಾಡಿ ಅನ್ನ ಕಲಸತೊಡಗಿದರು. ನನಗೂ ಒಳಗೊಳಗೆ ಬೇಜಾರೇ ಆಯಿತು. ಆ ಮೆತ್ತನೆಯ ಸೀಟು ತಪ್ಪಿತಲ್ಲ ಎಂದು.

ಕೆಂಪು ಗಾಡಿ ಮನೆಗೆ ಬಂದ ಮೂರನೆಯ ದಿನ ಅತ್ತೆ, ಆ ಭಾನುವಾರದಿಂದ "ಚಳಿಗೆ ಮಂಡಿ ಹಿಡ್ಕೊಂಡಿದೆ" ಎನ್ನುತ್ತ ಕುಂಟುತ್ತಿದ್ದ ಕಾಲಿನಲ್ಲೇ ಬಸ್ ಸ್ಟಾಪಿನ ಹಿಂದಿನ ವೆಲ್ಡಿಂಗ್ ಅಂಗಡಿಗೆ ಗಾಡಿಯ ಜೊತೆ ನಡೆದರು. ಸೀರೆ ಗಾರ್ಡು, ಕಾಲಿಡುವ ಪಟ್ಟಿ ಎಲ್ಲ ಹಾಕಿಸಿದ ಮೇಲೆ ಎಡಗಡೆಯ ಸೈಲೆನ್ಸರ್ ಮೇಲೆ ನಾಲ್ಕು ಬೆರಳಿಟ್ಟು, "ಇಲ್ಲಿಂದ ಇಲ್ಲಿಗೆ ಒಂದು ತಗಡು ಹಾಕಪ್ಪ. ಮಧ್ಯೆ ಗಾಳಿ ಆಡ್ಲಿ. ತೂತು ಮಾಡು" ಎಂದರು.

"ಯಾರೂ ಹಾಕ್ಸಲ್ಲ ಅಮ್ಮ. ಗಾಡಿ ರೂಪ ಕೆಡುತ್ತೆ" ಎಂದ ಅಂಗಡಿಯವನು.

"ಕೆಡ್ಲಿ. ಜಾಗ ಮಾತ್ರ ತಪ್ಪಿಸ್ಬೇಡ."

ಪಾಲಿಟೆಕ್ನಿಕ್ಕಿನಲ್ಲಿ ಎಲ್ಲರೂ ಅದು ತೂತಿನ ಸೌಟಿನಂತಿದೆಯೆಂದು ಬೂಂದಿ ಜಾರ ಎಂದು ಕರೆದರು. ನಮ್ಮವರು ನಾಚಿಕೆಯಿಂದ ಗಾಡಿಯ ಎಡಗಡೆಯನ್ನು ಗೋಡೆಗೆ ತಿರುಗಿಸಿ ನಿಲ್ಲಿಸತೊಡಗಿದರು. ಆದರೆ ಆ ಗಾಡಿ! ಜಯನಗರ ದಾಟಿ ಹೊಸೂರು ರಸ್ತೆ ಸೇರಿದರೆ ಮಡಿವಾಳದ ಕೆರೆಯ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ನಾನು ಮೊದಲು ಹೋಗುತ್ತಿದ್ದ ಬಸ್ಸುಗಳನ್ನೆಲ್ಲ ಹಿಂದೆ ಹಾಕುತ್ತಿದ್ದೆವು. ಒಂದು ದಿನವೂ ಲೇಟಾಗಲಿಲ್ಲ. ಯುಗಾದಿಗೆ ನಾಲ್ಕು ದಿನ ಮೊದಲು ಕನ್ಫರ್ಮೇಷನ್ ಕಾಗದ ಕೈಗೆ ಬಂತು. ಅತ್ತೆ ಅದನ್ನು ದೇವರ ಮುಂದಿಟ್ಟು, ಎದುರು ಮನೆಗೂ ಒಯ್ದು ತೋರಿಸಿ ಬಂದರು.

ಯುಗಾದಿಯ ಬೆಳಿಗ್ಗೆ ಎಣ್ಣೆಸ್ನಾನ. ಅತ್ತೆ ಮಣೆಯ ಮೇಲೆ ಕೂತಿದ್ದರು, ನಾನು ಹರಳೆಣ್ಣೆ ತಿಕ್ಕುತ್ತಿದ್ದೆ. ಎಡಗಾಲಿನ ಮೀನಖಂಡಕ್ಕೆ ಕೈ ಹೋದಾಗ ಚರ್ಮ ಅಲ್ಲಿ ಬೇರೆಯಾಗಿತ್ತು. ಬಗ್ಗಿ ನೋಡಿದೆ. ನಾಲ್ಕು ಬೆರಳಗಲ, ನುಣ್ಣಗೆ, ಗುಲಾಬಿ ಬಣ್ಣಕ್ಕೆ ಮಾಗಿದ ಸುಟ್ಟ ಗಾಯ.

"ಅತ್ತೆ, ಇದೇನು?"

"ಒಲೆ ತಾಗ್ತು."

"ಒಲೆ ಕಾಲಿನ ಹಿಂದಕ್ಕೆ ಹೇಗೆ ಬಂತು?"

ಅವರು ಬಾಗಿಲ ಕಡೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಅವನಿಗೆ ಹೇಳ್ಬೇಡ. ಅವತ್ತೇ ಗೊತ್ತಾಗಿದ್ರೆ ಆ ಗಾಡಿ ಬೇಡ ಅಂತ ಕರೀದನ್ನೇ ತರ್ತಿದ್ದ. ನೀನು ಇಷ್ಟು ಹೊತ್ತಿಗೆ ಮನೇಲಿ ಕೂತು ನನ್ ಜೊತೆ ಬೇಳೆ ಆರಿಸ್ತಿದ್ದೆ" ಎಂದರು.

"ಬೊಮ್ಮನಹಳ್ಳಿಯವರೆಗೂ ಸುಟ್ಟುಕೊಂಡೇ ಹೋದ್ರಾ?"

"ಹೋಗ್ತಾ ಎರಡನೇ ಮಾಲೇಲೇ ತಾಗ್ತು. ಕೂಗಿದ್ರೆ ಅವನು ಗಾಡಿ ನಿಲ್ಲಿಸ್ತಿದ್ದ. ಲೆಕ್ಕ ತಪ್ತಿತ್ತು."

ದಾಕ್ಷಿಣ್ಯವಿಲ್ಲ, ಸುಳ್ಳು ಹೇಳುವವಳಲ್ಲ ಎಂದು ಹಿಂದೆ ಕೂತ ಹೆಂಗಸು ಇವರು. ನನಗೆ ಅಳು ತಡೆಯಲಾಗಲಿಲ್ಲ. ಆ ಕಾಲನ್ನು ಹಿಡಿದುಕೊಂಡು, ಎಣ್ಣೆ ಕೈಯಲ್ಲೇ ಮುಖ ಒರೆಸಿಕೊಂಡೆ. "ಹಬ್ಬದ ದಿನ ಅಳ್ತಾರೇನೆ? ನೀರು ಹಾಕು, ಆರೋಗುತ್ತೆ" ಎಂದರು. ನಾನು ಆ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೆ. ನಮ್ಮವರಿಗೆ ಈ ವಿಷಯ ಹೇಳಿದ್ದು ಅತ್ತೆ ಹೋದ ಮೇಲೆಯೇ. ಅವರು ಎದ್ದು ಹೊರಗೆ ಹೋಗಿ ಆ ಬೂಂದಿ ಜಾರವನ್ನು ಬಟ್ಟೆಯಲ್ಲಿ ಒರೆಸಿದರು.

"ಅಮ್ಮಾ, ಎಲ್ಲಿದ್ದೀಯ? ಯಾವುದು ಅಂತ ಹೇಳು" ಎಂದಳು ಮಗಳು ಷೋರೂಮಿನಲ್ಲಿ.

"ಬೆಳಿಗ್ಗೆ ಎಷ್ಟು ಹೊತ್ತಿಗೆ ಎಲ್ಲಿರ್ಬೇಕು ನೀನು?" ಎಂದು ಕೇಳಿದೆ.

ಅವಳು ನನ್ನನ್ನೇ ನೋಡಿದಳು. ಮಾರುವವನು ಅವಳ ಎತ್ತರ ಕೇಳಿದ್ದ, ಅಳಿಯಂದಿರು ಮೈಲೇಜು ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. "ಎಂಟೂವರೆಗೆ ಆಸ್ಪತ್ರೇಲಿ. ಸಿಲ್ಕ್ ಬೋರ್ಡ್ ಆಚೆ."

"ಹಿಂದೆ ನಾನು ಕೂರ್ತೀನಿ. ಎರಡನ್ನೂ ಓಡ್ಸು."

ಚೂಡಿದಾರ್ ಹಾಕಿದ್ದರಿಂದ ಎರಡೂ ಕಡೆಗೆ ಕಾಲು ಹಾಕಿ ಕೂತೆ. ನನ್ನ ಬಳಿ ಮಾಲೆಯಿರಲಿಲ್ಲ, ಬೆರಳ ಗೆಣ್ಣುಗಳಲ್ಲಿ ಎಣಿಸಿದೆ. ಎರಡೂ ಗುಂಡಿ ಒತ್ತಿದ ಕೂಡಲೇ ಎದ್ದವು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಎರಡೂ ಒಂದೇ ಲಾರಿಯ ಹಿಂದೆ ನಿಂತಂತೆ ನಿಂತವು. ಸ್ಪೋರ್ಟಿಗೆ ಹದಿನೇಳು ಮಾಲೆ, ರೆಟ್ರೊಗೂ ಹದಿನೇಳು. "ಎರಡೂ ಒಂದೇ ಕಣೆ. ನಿಂಗೆ ಯಾವುದು ಚೆಂದ ಕಾಣುತ್ತೋ ಅದನ್ನ ತಗೊ" ಎಂದೆ. ಚೆಂದ ನೋಡಿ ಗಾಡಿ ಆರಿಸುವ ಭಾಗ್ಯ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇದೇ ಮೊದಲು. ಅವಳು ದುಂಡು ದೀಪದ ಮೇಲೆ ಕೈಯಿಟ್ಟಳು.

ನಾನು ಇಳಿದು, ಬಗ್ಗಿ, ಸೈಲೆನ್ಸರಿನ ಕಡೆಗಿದ್ದ ಬಲಗಾಲಿನ ಮೀನಖಂಡ ಮುಟ್ಟಿ ನೋಡಿಕೊಂಡೆ. ಮಗಳು ಗಾಬರಿಯಿಂದ, "ಏನಾಯ್ತಮ್ಮ?" ಎಂದಳು.

"ಏನೂ ಆಗಿಲ್ಲ" ಎಂದೆ. ಅತ್ತೆ ಅಂದು ಹೇಳಿದ್ದೂ ಅದೇ ಮಾತು. ನನ್ನದು ನಿಜವಾಗಿತ್ತು.