ರಾಯರ ಲೆಫ್ಟು

ರಾಯರು ಬರೆಯುತ್ತಿದ್ದ ಇಂಗ್ಲಿಷಿನ ಎಲ್ ಅಕ್ಷರವನ್ನು ನೋಡಬೇಕಿತ್ತು. ಮೇಲೆ ಒಂದು ಸುರುಳಿ, ನಡುವೆ ಸಪೂರ ಬೆನ್ನು, ಕೆಳಗೆ ಬಲಕ್ಕೆ ಎಳೆದ ಉದ್ದನೆಯ ಬಾಲ. ಅಂಬರನಾಥದ ನಮ್ಮ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯಲು ಅವರಿಗೆ ನೀಲಿ ಪೆನ್ನು. ಕೆಂಪು ಪೆನ್ನು ಇದ್ದದ್ದು ಒಂದೇ ಒಂದು ಶಬ್ದಕ್ಕೆ. ಯಾರಾದರೂ ಕೆಲಸ ಬಿಟ್ಟರೆ, ಅಥವಾ ಬಿಡಿಸಿದರೆ, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪಿನಲ್ಲಿ ‘ಲೆಫ್ಟ್’ ಎಂದು ಬರೆದು, ಊದಿ ಒಣಗಿಸಿ, ತಲೆ ಓರೆ ಮಾಡಿ ನೋಡುತ್ತಿದ್ದರು. ಹೆತ್ತ ಕೂಸನ್ನೂ ಯಾರೂ ಅಷ್ಟು ಅಕ್ಕರೆಯಿಂದ ನೋಡಲಿಕ್ಕಿಲ್ಲ.

ಅವರು ಉಡುಪಿ ಕಡೆಯವರು, ನಾನು ವಿಜಯಪುರದಿಂದ ಬಂದ ಹಮಾಲನ ಮಗಳು. ಇಬ್ಬರ ಮನೆಯೂ ಡೊಂಬಿವಲಿಯಲ್ಲಿ. ನಾನು ಟೈಮ್ ಆಫೀಸಿಗೆ ಟೆಂಪರರಿ ಕ್ಲಾರ್ಕ್ ಆಗಿ ಸೇರಿದಾಗ ನನ್ನ ಇಂಗ್ಲಿಷ್ ಕೇಳಿದವರು ನಗುತ್ತಿದ್ದರು. ರಾಯರು ನಗಲಿಲ್ಲ. ಬೆಳಿಗ್ಗೆ ಲೋಕಲ್ಲಿನಿಂದ ಇಳಿದು ಸ್ಟೇಷನ್ನಿನ ಹೊರಗೆ ನನಗಾಗಿ ಕಾಯುತ್ತಿದ್ದರು. ಫ್ಯಾಕ್ಟರಿಯವರೆಗಿನ ಇಪ್ಪತ್ತು ನಿಮಿಷದ ನಡಿಗೆಯೇ ನನ್ನ ಶಾಲೆ. ದಿನಕ್ಕೊಂದು ಶಬ್ದ, ಅದರ ಎಲ್ಲ ಅರ್ಥ, ಎಲ್ಲ ಬಳಕೆ. ತಪ್ಪಿದರೆ ಕೊಡೆಯ ತುದಿಯಿಂದ ನನ್ನ ಚಪ್ಪಲಿಗೆ ತಟ್ಟುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಅವರೆಂದರೆ ಬಹಳ ಇಷ್ಟವಿತ್ತು. ನನ್ನಪ್ಪ ಕೂಡ ನನ್ನನ್ನು ಅಷ್ಟು ಹೊತ್ತು ಕೂರಿಸಿ ಏನನ್ನೂ ಕಲಿಸಿದವನಲ್ಲ.

ಲೆಫ್ಟ್ ಶಬ್ದದ ಪಾಠಕ್ಕೆ ಮಾತ್ರ ಎರಡು ದಿನ ಹಿಡಿಯಿತು. ಎಡಗಡೆ ಎಂಬುದು ಸಣ್ಣ ಮಕ್ಕಳ ಅರ್ಥವಂತೆ. ಬಿಟ್ಟುಹೋದ ಎಂಬುದು ಆಫೀಸಿನ ಅರ್ಥ. ಇನ್ನೂ ಒಂದುಂಟು, ಉಳಿದದ್ದು ಅಂತ. ‘ಹೋದದ್ದೂ ಅದೇ, ಉಳಿದದ್ದೂ ಅದೇ. ಇಂಗ್ಲಿಷಿನವರು ಎಂಥಾ ಪಾಕಡಾಗಳು ನೋಡು ಮಾರಾಯ್ತಿ,’ ಎಂದು ರಸ್ತೆಯಲ್ಲೇ ನಿಂತು ನಕ್ಕಿದ್ದರು.

ಅವರ ಕಣ್ಣಲ್ಲಿ ರಕ್ತವಿಲ್ಲ ಎಂದು ನನಗೆ ಮೊದಲು ತಿಳಿದದ್ದು ಪ್ಯಾಕಿಂಗಿನ ಮುದುಕನೊಬ್ಬ ಹಳಿ ದಾಟುವಾಗ ರೈಲಿಗೆ ಸಿಕ್ಕಿ ಸತ್ತ ದಿನ. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ರಾಯರಿಗೆ ನಮಸ್ಕಾರ ಹೇಳಿ ಒಳಗೆ ಹೋಗುತ್ತಿದ್ದ ಮನುಷ್ಯ. ರಾಯರು ಕೆಂಪು ಪೆನ್ನು ತೆಗೆದು ‘ಲೆಫ್ಟ್’ ಬರೆದರು. ಸತ್ತಿದ್ದಾನೆ, ಹಾಗಂತ ಬರೆಯಬಾರದೇ ಎಂದು ನಾನು ಕೇಳಿದೆ.

‘ಹೋದವ ಹೋದ,’ ಎಂದರು ರಾಯರು. ‘ಹೇಗೆ ಹೋದ ಅಂತ ಬರಿಲಿಕ್ಕೆ ಈ ಪುಸ್ತಕದಲ್ಲಿ ಜಾಗ ಎಲ್ಲುಂಟು?’

ಆಮೇಲೆ ಡಬ್ಬಿ ತೆರೆದು ನನಗೆ ಅರ್ಧ ನೀರುದೋಸೆ ಕೊಟ್ಟರು. ನಾನು ತಿಂದೆ.

ದೇವೀಂದ್ರಪ್ಪ ಕಲಬುರಗಿ ಕಡೆಯವನು, ಪ್ರೆಸ್ ಮಷಿನ್ನಿನ ಮೇಲೆ ಕೆಲಸ. ಅದಕ್ಕೂ ಮೊದಲು ಲಾರಿಗೆ ಮಾಲು ಏರಿಸುತ್ತಿದ್ದ. ಕನ್ನಡದ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಮುಖ ಅರಳಿಸಿಕೊಂಡು ಟೈಮ್ ಆಫೀಸಿನ ಕಿಟಕಿಗೆ ಬಂದು ನಿಲ್ಲುತ್ತಿದ್ದ. ಒಂದು ಸೋಮವಾರ ಮಧ್ಯಾಹ್ನ ಆ ಮಷಿನ್ ಅವನ ಎಡಗೈಯ ನಾಲ್ಕು ಬೆರಳುಗಳನ್ನು ತೆಗೆದುಕೊಂಡಿತು. ಕೈಗೆ ಅಡ್ಡವಿರಬೇಕಾದ ಜಾಲರಿ ಕೆಟ್ಟು ತಿಂಗಳಾಗಿತ್ತು. ಅದು ಎಲ್ಲರಿಗೂ ಗೊತ್ತಿದ್ದ ವಿಷಯ, ಮ್ಯಾನೇಜರನಿಗೂ ಸಹ.

ಅವನನ್ನು ಆಸ್ಪತ್ರೆಗೆ ಒಯ್ದ ಮೇಲೆ ಮ್ಯಾನೇಜರ್ ರಾಯರನ್ನು ಕ್ಯಾಬಿನ್ನಿಗೆ ಕರೆದ. ಹತ್ತು ನಿಮಿಷದಲ್ಲಿ ಹೊರಗೆ ಬಂದ ರಾಯರು ಸೋಮವಾರದ ಹಾಜರಿಯನ್ನು ಇನ್ನೂ ತುಂಬಿರಲಿಲ್ಲ. ದೇವೀಂದ್ರಪ್ಪನ ಸಾಲಿನಲ್ಲಿ ಅದನ್ನು ತುಂಬಲೂ ಇಲ್ಲ. ಒಂದು ಕಾಗದ ತೆಗೆದುಕೊಂಡು ಅವನ ಹೆಸರು, ಪಕ್ಕದಲ್ಲಿ ಆ ಕೆಂಪು ಶಬ್ದ, ಅದರ ಮುಂದೆ ತಾರೀಖು ಬರೆದರು. ತಾರೀಖು ಹಿಂದಿನ ಶನಿವಾರದ್ದು. ಶನಿವಾರವೇ ತಾನಾಗಿ ಕೆಲಸ ಬಿಟ್ಟುಹೋದವನ ಕೈ ಸೋಮವಾರ ನಮ್ಮ ಮಷಿನ್ನಿನಲ್ಲಿ ಹೇಗೆ ಹೋದೀತು? ಆ ಕಾಗದದ ಮೇಲೆ ಅವನ ಹೆಬ್ಬೆಟ್ಟಿನ ಗುರುತೊಂದು ಬಿದ್ದರೆ ಪರಿಹಾರವೂ ಇಲ್ಲ, ಕೂತು ಮಾಡುವ ಹಗುರ ಕೆಲಸವೂ ಇಲ್ಲ.

ಐದನೆಯ ದಿನ ದೇವೀಂದ್ರಪ್ಪ ಹೆಂಡತಿ ಶರಣಮ್ಮನ ಜೊತೆ ಬಂದ. ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಅವಚಿಕೊಂಡಿದ್ದ. ಇದು ಆಸ್ಪತ್ರೆಗೆ ಬೇಕಾದ ಕಾಗದ, ಹೆಬ್ಬೆಟ್ಟು ಬೇಕು ಎಂದು, ಕೆಲಸಗಾರರ ಹತ್ತಿರ ಎಂದೂ ಕನ್ನಡ ಆಡದ ರಾಯರು ಹಿಂದಿಯಲ್ಲಿ ಹೇಳಿ ಆ ಹಾಳೆಯನ್ನು ನನ್ನ ಕಡೆ ತಳ್ಳಿದರು. ‘ನಿನ್ನ ಕಡೆಯವ. ಒಂದು ಸಲ ಓದಿ ಹೇಳು.’

ನಾನು ಹೆಸರು ಓದಿದೆ. ಆಮೇಲೆ ‘ಲೆಫ್ಟ್’ ಎಂದು ಓದಿದೆ. ಅಷ್ಟು ನೋವಿನಲ್ಲೂ ಅವನ ಮುಖ ಅರಳಿತು. ಇಂಗ್ಲಿಷಿನಲ್ಲಿ ಅವನಿಗೆ ಗೊತ್ತಿದ್ದ ನಾಲ್ಕು ಶಬ್ದಗಳಲ್ಲಿ ಅದೊಂದು; ಲಾರಿ ಹಿಂದಕ್ಕೆ ತಗೊಳ್ಳುವಾಗ ದಿನಾ ಕೂಗಿದ್ದು.

‘ಅಕ್ಕಾರ, ಲೆಫ್ಟ್ ಅಂದ್ರ ಎಡಗಡಿ ಅಲ್ಲೇನ್ರಿ? ನನ್ನ ಎಡಗೈ ಹೋಗೈತಿ ಅಂತ ಬರದಾರೇನ್ರಿ?’

ರಾಯರು ನನ್ನನ್ನು ನೋಡಲಿಲ್ಲ. ಪೆನ್ನಿನ ಟೋಪಿಯನ್ನು ಹಾಕುತ್ತಿದ್ದರು, ತೆಗೆಯುತ್ತಿದ್ದರು. ನನ್ನ ಕೆಲಸ ಪರ್ಮನೆಂಟ್ ಮಾಡುವ ಅರ್ಜಿ ಅದೇ ಮೇಜಿನ ಮೇಲಿತ್ತು, ರಾಯರ ಸಹಿಗೆ. ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ನಾಲಿಗೆಗೆ ಹುಳ ಬಿದ್ದೀತು. ಎಲ್ಲ ಗೊತ್ತಿತ್ತು. ಎರಡು ದಿನ ಪಾಠ ಕೇಳಿದವಳು ನಾನು.

‘ಹೌದ್ರಿ,’ ಎಂದೆ.

ಗಂಡಸರದ್ದು ಎಡಗೈ ಹೆಬ್ಬೆಟ್ಟು ಆಗಬೇಕೆಂಬ ರೂಢಿ. ರಾಯರು ಬ್ಯಾಂಡೇಜನ್ನು ನೋಡಿ, ಬಲಗೈದೇ ಆದೀತು ಎಂದರು. ಶರಣಮ್ಮ ಅವನ ಬೆರಳಿನ ಶಾಯಿಯನ್ನು ಸೆರಗಿನಿಂದ ಒರೆಸಿ, ನಮ್ಮ ಕಡೆಯವರು ಒಬ್ಬರು ಇದ್ದದ್ದು ಪುಣ್ಯ ಎಂದು ನನಗೆ ಕೈಮುಗಿದಳು.

ಎರಡು ತಿಂಗಳ ಮೇಲೆ ಅವನು ಕೆಲಸ ಕೇಳಿಕೊಂಡು ಬಂದಾಗ ವಾಚ್‌ಮನ್ ಗೇಟಿನಲ್ಲೇ ತಡೆದ. ಗಲಾಟೆಯಾಯಿತು. ಮ್ಯಾನೇಜರ್ ಹೊರಗೆ ಬಂದು ಹೆಬ್ಬೆಟ್ಟಿನ ಕಾಗದ ತೋರಿಸಿದ. ಅಕ್ಕಾರನ್ನ ಕೇಳ್ರಿ, ಅವರೇ ಓದಿ ಹೇಳ್ಯಾರ ಎಂದು ದೇವೀಂದ್ರಪ್ಪ ಕೂಗುತ್ತಿದ್ದದ್ದು ನನ್ನ ಕುರ್ಚಿಯವರೆಗೂ ಕೇಳಿತು. ಕರೆದರು, ಹೋದೆ. ಏನು ಓದಿ ಹೇಳಿದೆ ಎಂದು ಮ್ಯಾನೇಜರ್ ಕೇಳಿದ. ಲೆಫ್ಟ್ ಎಂದು ಬರೆದಿತ್ತು, ಲೆಫ್ಟ್ ಎಂದೇ ಓದಿದೆ ಎಂದೆ. ಒಂದು ಅಕ್ಷರ ಸುಳ್ಳಿಲ್ಲ. ರಾಯರು ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡರು. ಮರುದಿನ ನಡೆಯುವಾಗ, ನಿನ್ನ ಇಂಗ್ಲಿಷ್ ಈಗ ಪಕ್ಕಾ ಆಯ್ತು ಎಂದರು. ಆ ವಾರವೇ ನಾನು ಪರ್ಮನೆಂಟ್ ಆದೆ.

ರಾಯರು ರಿಟೈರಾಗಿ ಕಾಮೋಠೆಯ ಮಗಳ ಮನೆಗೆ ಹೋದರು. ಹೋದ ವರ್ಷ ಶರಣಮ್ಮ ವಿಳಾಸ ಹುಡುಕಿಕೊಂಡು ಡೊಂಬಿವಲಿಗೆ, ನನ್ನ ಮನೆಬಾಗಿಲಿಗೆ ಬಂದಳು. ಗಂಡನಿಗೆ ಯಾರೂ ಕೆಲಸ ಕೊಡುತ್ತಿಲ್ಲ. ಆ ಕಾಗದ ಮೋಸದ್ದು ಎಂದು ಗೊತ್ತಿರುವ ಒಬ್ಬರು ಕೋರ್ಟಿಗೆ ಬಂದು ಹೇಳಿದರೆ ಸಾಕು, ಪರಿಹಾರಕ್ಕೆ ದಾರಿ ಇದೆ ಎಂದು ಒಬ್ಬ ವಕೀಲ ಹೇಳಿದ್ದನಂತೆ. ಅವರು ಬರೆದಿದ್ದನ್ನ ನೀವು ಓದಿದ್ರಿ, ನಿಮ್ಮದೇನ್ ತಪ್ಪೈತ್ರಿ, ಬರೆದ ಮುದುಕನನ್ನ ಒಪ್ಪಿಸ್ರಿ ಎಂದು ಬೇಡಿಕೊಂಡಳು. ಅವಳೇ ನನಗೆ ಸುಲಭದ ದಾರಿ ತೋರಿಸಿಬಿಟ್ಟಳು.

ಕಾಮೋಠೆಗೆ ಹೋದೆ. ರಾಯರು ಬಾಲ್ಕನಿಯಲ್ಲಿ ಕೂತಿದ್ದರು, ಕುಗ್ಗಿ ಇಷ್ಟೇ ಇಷ್ಟು ಆಗಿದ್ದರು. ನನ್ನನ್ನು ಕಂಡು ನಿಜವಾಗಿ ಖುಷಿಪಟ್ಟರು. ನಾನು ಬಂದ ಕಾರಣ ಹೇಳಿದೆ. ಬಾಯಿಗೆ ಬಂದ ಹಾಗೆ ಬೈದೆ ಕೂಡ. ಒಬ್ಬ ಬಡವನ ಅನ್ನ ಕಿತ್ತುಕೊಂಡಿರಿ, ಈಗಲಾದರೂ ನಿಜ ಹೇಳಿ ಎಂದೆ. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

‘ನಾನು ಬರೆದದ್ದು ಒಂದು ಶಬ್ದ ಮಾರಾಯ್ತಿ,’ ಎಂದರು. ‘ಅರ್ಥ ಹೇಳಿದ್ದು ನೀನಲ್ಲವಾ?’

ಮಗಳು ಚಹಾ ತಂದಿಟ್ಟಳು. ಅದು ಆರುವವರೆಗೆ ಕೂತಿದ್ದು ಎದ್ದು ಬಂದೆ.

ಮೂರು ತಿಂಗಳಿಗೆ ರಾಯರು ತೀರಿಕೊಂಡರು. ನಾನು ಅತ್ತದ್ದು ಹೌದು, ಯಾರಿಗಾಗಿ ಅತ್ತೆನೋ ಗೊತ್ತಿಲ್ಲ. ಮುಂದಿನ ಸಲ ಶರಣಮ್ಮ ಬಂದಾಗ, ಬರೆದವರು ಹೋಗಿಬಿಟ್ಟರು ಎಂದು ಹೇಳಿದೆ. ಅವಳು ಹೊಸ್ತಿಲ ಮೇಲೇ ಕೂತಳು. ಅಲ್ಲಿಂದಲೇ ತಲೆಯೆತ್ತಿ ಕೇಳಿದಳು.

‘ಹಂಗಾದ್ರ, ಖರೆ ಗೊತ್ತಿದ್ದವ್ರು ಇನ್ನ ಯಾರೂ ಉಳದಿಲ್ಲೇನ್ರಿ ಅಕ್ಕಾರ?’

ಇಲ್ಲ ಎಂದೆ.