ಬಿಲ್ಡಿನಿಂದ ಬಿದ್ದುಹೋದ ಕನ್ನಡ

ಅಡೂರಿನ ಹಾಲಿನ ಸೊಸೈಟಿಯಲ್ಲಿ ನಮ್ಮ ಪ್ರಿಂಟರು ಎರಡನೆಯ ಸಲವೂ ಮಲಯಾಳದ ಚೀಟಿಯನ್ನೇ ಹೊರಹಾಕಿತು. ಕಾರ್ಯದರ್ಶಿಯವರು ಅದನ್ನು ಹರಿದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆನೆಂದು ನೆನಪು. ಯಾಕೆ ಹಾಗೆ ಹಿಡಿದೆನೋ. ಬೆಳಕಿಗೆ ಹಿಡಿದರೆ ಮಲಯಾಳ ಕನ್ನಡವಾಗುವುದಿಲ್ಲವಲ್ಲ.

“ಮೇಡಂ, ನಿಮ್ಮದು ಹೋಟೆಲಿನ ಬೋರ್ಡಿನ ಹಾಗೆ,” ಅಂದರು ಅವರು. “ಹೊರಗೆ ನೀರುದೋಸೆ ಉಂಟು ಅಂತ ಬರೆದದ್ದು. ಒಳಗೆ ಹೋಗಿ ಕೂತ್ರೆ ಪುಟ್ಟು ಮಾತ್ರ.”

“ಸಣ್ಣ ತೊಂದರೆ ಅಣ್ಣ. ಸರಿ ಮಾಡ್ತೇವೆ.”

“ಹೋದ ಸಲವೂ ಸಣ್ಣದೇ ಇದ್ದದ್ದು.”

ಹಾಲು ಅಳೆದು ಕೊಟ್ಟ ಹೆಂಗಸೊಬ್ಬರು ಖಾಲಿ ಕ್ಯಾನನ್ನು ಕಾಲ ಬಳಿ ಇಟ್ಟು, ತಮ್ಮ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅದನ್ನು ಕಾರ್ಯದರ್ಶಿಯವರ ಮುಂದೆ ಚಾಚಿದರು. ಅವರು ಓದಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಓದಿ ಹೇಳ್ಲಿಕ್ಕೆ ನಾನಿದ್ದೇನೆ. ಮತ್ತೆ ನಿಮ್ಮ ಮಿಷನ್ ಎಂತಕ್ಕೆ?” ಎಂದರು.

ನಮ್ಮದು ಕಾಸರಗೋಡಿನ ವಿದ್ಯಾನಗರದಲ್ಲಿ ಅಂಗಡಿಗಳ ಮೇಲಿನ ಮಾಳಿಗೆಯಲ್ಲಿರುವ ಸಣ್ಣ ಕಚೇರಿ. ಹಾಲಿನ ಸೊಸೈಟಿಗಳಿಗೆ ಪ್ರೋಗ್ರಾಮು ಬರೆಯುತ್ತೇವೆ. ಸದಸ್ಯರು ತಂದ ಹಾಲಿನ ಅಳತೆ, ಗುಣಮಟ್ಟ, ದರ ಎಲ್ಲ ಚೀಟಿಯಲ್ಲಿ ಅಚ್ಚಾಗಿ ಅವರ ಕೈ ಸೇರಬೇಕು. ಜಿಲ್ಲೆಯ ತೆಂಕಣ ಭಾಗಕ್ಕೆ ಮಲಯಾಳ ಸಾಕಾಗಿತ್ತು. ಗಡಿಯ ಕಡೆಯವರು ಕನ್ನಡದ ಚೀಟಿಯಾದರೆ ಮಾತ್ರ ಬೇಕು ಎಂದರು. ಆ ಭಾಗ ನನ್ನ ಪಾಲಿಗೆ ಬಂತು. ‘ಕೊಬ್ಬಿನ ಅಂಶ’ ಎಂದು ಬರೆಯುವುದೋ, ಎಲ್ಲರೂ ಹೇಳುವ ‘ಫ್ಯಾಟ್’ ಎಂದೇ ಬಿಡುವುದೋ ಎಂದು ನನ್ನೂರಾದ ಬೋವಿಕಾನದಿಂದ ಬರುವ ಬಸ್ಸಿನಲ್ಲಿ ಎಷ್ಟೋ ಬೆಳಿಗ್ಗೆ ನನ್ನೊಳಗೇ ಜಗಳವಾಡಿದ್ದೇನೆ. ಕೊನೆಗೆ ‘ಫ್ಯಾಟ್’ ಉಳಿಯಿತು.

ಅಡೂರಿನಿಂದ ವಾಪಸು ಬರುವಾಗಲೇ ಕಚೇರಿಯ ಯಜಮಾನರ ಫೋನು ಬಂತು. ಗಲ್ಫಿನಲ್ಲಿ ಬಹಳ ಕಾಲ ಇದ್ದು ಬಂದವರು, ಮನೆಮಾತು ತುಳು. ಯಾವ ಭಾಷೆಯ ಮೇಲೂ ಅವರಿಗೆ ದ್ವೇಷವಿಲ್ಲ, ವಿಶೇಷ ಪ್ರೀತಿಯೂ ಇಲ್ಲ ಎಂದು ನಾನು ತಿಳಿದುಕೊಂಡಿದ್ದೇನೆ.

“ಎಂತ ಮಾರಾಯ್ತಿ, ಪುನಃ ಹಾಗೆಯೇ ಆಯ್ತಂತೆ? ಸೋಮವಾರ ಇನ್ನೊಂದು ಸಲ ಹೋಗು. ಆಗಲೂ ಬರದಿದ್ರೆ ಕನ್ನಡ ತೆಗ್ದುಬಿಡುವ. ಇದ್ದೂ ಇಲ್ಲದ ಹಾಗೆ ಇಟ್ಕೊಂಡು ಊರೆಲ್ಲ ಮರ್ಯಾದೆ ಕಳ್ಕೊಳ್ಳುದು ಎಂತಕ್ಕೆ?”

ಸೋಮವಾರದವರೆಗೆ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ. ಚೀಟಿ ಬರದಿದ್ದರೆ ಕನ್ನಡ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ.

ಮೊದಲು ಪ್ರಿಂಟರಿನ ಮೇಲೆ ಸಂಶಯಪಟ್ಟೆ. ಅದಕ್ಕೆ ಕನ್ನಡ ಅಕ್ಷರ ಗೊತ್ತಿಲ್ಲವೇನೋ ಎಂದುಕೊಂಡು, ಅಂಥದೇ ಪ್ರಿಂಟರನ್ನು ನನ್ನ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದೆ. ಒತ್ತಕ್ಷರವೂ ತಪ್ಪದೆ ಚೀಟಿ ಬಂತು. ಆಮೇಲೆ ಅಡೂರಿಗೆ ಕೊಟ್ಟ ಪ್ರೋಗ್ರಾಮಿನ ಕಟ್ಟನ್ನೇ ಬಿಚ್ಚಿದೆ. ಕನ್ನಡದ ಭಾಗ ಹಾಳಾಗಿರಲಿಲ್ಲ. ಅದು ಅಲ್ಲಿ ಇರಲೇ ಇಲ್ಲ.

ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಪ್ರೋಗ್ರಾಮು ಜಾವಾದಲ್ಲಿ ಬರೆದದ್ದು, ಹಲವು ತುಂಡುಗಳಲ್ಲಿದೆ. ಒಂದೊಂದು ತುಂಡಿಗೆ ಮಾಡ್ಯೂಲ್ ಎನ್ನುತ್ತೇವೆ: ಅಳತೆಯದೊಂದು, ಲೆಕ್ಕದ್ದೊಂದು, ಮುದ್ರಣದ್ದೊಂದು, ಒಂದೊಂದು ಭಾಷೆಗೆ ಒಂದೊಂದು. ಎಲ್ಲವನ್ನೂ ಪರೀಕ್ಷಿಸಿ, ಜೋಡಿಸಿ, ಗಿರಾಕಿಗೆ ಕೊಡುವ ಒಂದು ಕಟ್ಟು ಮಾಡುವುದಕ್ಕೆ ಬಿಲ್ಡ್ ಎಂದು ಹೆಸರು. ಅದನ್ನು ಯಾರೂ ಕೈಯಿಂದ ಮಾಡುವುದಿಲ್ಲ, ಮೇವನ್ ಎಂಬ ಸಾಧನ ಮಾಡುತ್ತದೆ. ಯಾವ ಯಾವ ತುಂಡು ಬೇಕು ಎಂದು ಮೇಲಿನ ಒಂದು ಫೈಲಿನಲ್ಲಿ ಬರೆದಿಟ್ಟರೆ ಸಾಕು. ಈ ಫೈಲನ್ನು ನಾವು ತಾಯಿ ಫೈಲು ಎನ್ನುತ್ತೇವೆ. ಕನ್ನಡ ಸಿಗದಿದ್ದರೆ ನಮ್ಮ ಪ್ರೋಗ್ರಾಮು ಮಲಯಾಳ ತೋರಿಸಿ ಮುಂದೆ ಹೋಗುತ್ತದೆ, ಗದ್ದಲ ಮಾಡುವುದಿಲ್ಲ. ಬಿಲ್ಡ್ ಕೂಡ ಕೊನೆಗೆ ಹಸಿರು ಅಕ್ಷರದಲ್ಲಿ ಎಲ್ಲ ಸರಿಯಾಗಿದೆ ಎಂದೇ ಹೇಳಿತ್ತು.

ನನ್ನ ಕಂಪ್ಯೂಟರಿನಲ್ಲಿ ಮಾಡಿದ ಬಿಲ್ಡಿನಲ್ಲಿ ಕನ್ನಡ ಇರುತ್ತಿತ್ತು. ಗಿರಾಕಿಗೆ ಹೋಗುವುದನ್ನು ಸರ್ವರಿನಲ್ಲಿ ಮಾಡುತ್ತೇವೆ; ಅದರಲ್ಲಿ ಇರುತ್ತಿರಲಿಲ್ಲ. ಸರ್ವರಿನ ಉಸ್ತುವಾರಿ ನನ್ನ ಸಹೋದ್ಯೋಗಿಯೊಬ್ಬನದು. ನನಗಿಂತ ಚಿಕ್ಕವನು, ಕಾಞಂಗಾಡಿನವನು. ನಮ್ಮ ಮನೆಯಲ್ಲಿ ಆ ಊರಿಗೆ ಈಗಲೂ ಹೊಸದುರ್ಗ ಎನ್ನುತ್ತಾರೆ. ಅವನ ಎದುರು ನಾನು ಯಾವ ಹೆಸರು ಹೇಳುತ್ತಿದ್ದೆ ಎಂದು ಈಗ ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ.

ಬಸ್ಸಿನ ಬೋರ್ಡಿನಲ್ಲೋ ಕಚೇರಿಯ ಅರ್ಜಿಯಲ್ಲೋ ಕನ್ನಡ ಕಾಣದಿದ್ದರೆ, ಬರೆಯಲು ಮರೆತಿರಬೇಕು ಎಂದು ಈ ಜಿಲ್ಲೆಯ ಕನ್ನಡದವರು ಯಾರೂ ಅಂದುಕೊಳ್ಳುವುದಿಲ್ಲ. ಯಾರೋ ತೆಗೆದಿದ್ದಾರೆ ಎಂದೇ ಮೊದಲು ಬರುವುದು. ಎಷ್ಟೋ ಸಲ ಅದು ನಿಜವೂ ಹೌದು. ನನಗೂ ಹಾಗೆಯೇ ಬಂತು.

ಮರುದಿನ ಅವನ ಮೇಜಿನ ಬಳಿ ಹೋಗಿ ಕೇಳಿದೆ. “ಸರ್ವರಿನ ಬಿಲ್ಡಿನಿಂದ ಕನ್ನಡ ತೆಗ್ದಿದ್ದೀಯಾ?”

“ಇಲ್ಲ ಚೇಚಿ. ನಾನು ಅದನ್ನು ತೊಟ್ಟೇ ಇಲ್ಲ.”

ಅವನ ಕನ್ನಡ ಕಚೇರಿಯಲ್ಲಿ ಕಲಿತದ್ದು; ಅಕ್ಕ ಎನ್ನುವಲ್ಲಿ ಚೇಚಿಯೇ ಬರುತ್ತದೆ. ಮಲಯಾಳದ ತೊಡುವುದು ಎಂದರೆ ಮುಟ್ಟುವುದು. ಬೇರೆ ದಿನವಾಗಿದ್ದರೆ, ‘ಅದೆಂತ ಅಂಗಿಯಾ, ತೊಡ್ಲಿಕ್ಕೆ?’ ಎಂದು ತಮಾಷೆ ಮಾಡುತ್ತಿದ್ದೆ. ಅಂದು ಮಾಡಲಿಲ್ಲ. ಅವನು ಉತ್ತರವನ್ನು ಬಹಳ ಬೇಗ ಕೊಟ್ಟ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

“ಮತ್ತೆ ಅದು ತಾನಾಗಿ ಎದ್ದು ಹೋಯ್ತಾ?”

“ನಿಮ್ಮದರಲ್ಲಿ ಬರ್ತದಲ್ಲ. ಸರ್ವರಿಗೆ ಕಳಿಸ್ಲಿಕ್ಕೆ ನೀವೇ ಬಾಕಿ ಇಟ್ಟಿರಬಹುದು.”

ಕಳಿಸಿದ್ದೆ. ಕಳಿಸಿದ್ದೇನೆ ಎಂದು ಖಚಿತ ಮಾಡಿಕೊಳ್ಳಲು ಮತ್ತೊಮ್ಮೆ ಕಳಿಸಿದೆ. ಸರ್ವರಿನಲ್ಲಿ ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಬಿಲ್ಡ್ ಮಾಡು ಎಂದೆ. ಮಾಡಿದ. ಹಸಿರು ಅಕ್ಷರ ಬಂತು, ಕನ್ನಡ ಬರಲಿಲ್ಲ. ತಾಯಿ ಫೈಲು ತೆರೆದು ನೋಡಿದರೆ ನನ್ನ ಮಾಡ್ಯೂಲಿನ ಹೆಸರು ಅಲ್ಲೇ ಇತ್ತು. ಕೆಳಗೆ, ಕೆಲವು ಸಾಲುಗಳನ್ನು ಬದಿಗಿಡುವ ಪ್ರೊಫೈಲ್ ಎಂಬ ಬೇರೆ ಕೋಣೆಯೊಳಗೆ, ಇದ್ದ ಹಾಗೆಯೇ. ಯಾರೂ ಮುಟ್ಟಿರಲಿಲ್ಲ. ಮುಟ್ಟದಿದ್ದುದೇ ನನಗೆ ಇನ್ನಷ್ಟು ಸಂಶಯಕ್ಕೆ ಕಾರಣವಾಯಿತು. ಗುರುತು ಬಿಡದೆ ಕೆಲಸ ಮಾಡುವಷ್ಟು ಜಾಣ ಅವನು ಎಂದು ನನಗೆ ಗೊತ್ತಿತ್ತು.

ಆಮೇಲೆ ಅವನನ್ನು ಗಮನಿಸುತ್ತಿದ್ದೆ. ನಾನು ಹಿಂದಿನಿಂದ ಹೋದಾಗ ಪರದೆಯ ಮೇಲಿನದನ್ನು ಮುಚ್ಚುತ್ತಾನೆಯೇ? ಯಜಮಾನರ ಕೋಣೆಯಿಂದ ಹೊರಗೆ ಬರುವಾಗ ನನ್ನ ಕಡೆ ನೋಡುತ್ತಾನೆಯೇ? ನೋಡಿದರೂ ಕಾರಣ ಸಿಗುತ್ತಿತ್ತು, ನೋಡದಿದ್ದರೂ ಸಿಗುತ್ತಿತ್ತು.

ಶುಕ್ರವಾರ ಮಧ್ಯಾಹ್ನ ನಾನು ಊಟದ ಡಬ್ಬಿ ತೊಳೆಯಲು ಹೋದಾಗ ಅವನು ಮೆಟ್ಟಿಲ ಬಳಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ನಳ್ಳಿಯ ಸದ್ದಿನ ನಡುವೆ ನನಗೆ ಕೇಳಿಸಿದ್ದು ಇಷ್ಟು: “ಕನ್ನಡ ಇಪ್ಪೊ ವೇಂಡ. ಅದು ಪಿನ್ನೆ ನೋಕ್ಕಾಂ.” ಕನ್ನಡ ಈಗ ಬೇಡ, ಅದನ್ನು ಆಮೇಲೆ ನೋಡುವ.

ನಳ್ಳಿ ನಿಲ್ಲಿಸಿದೆ. ಅವನು ತಿರುಗಿ ನೋಡಿ, ತಲೆಯಾಡಿಸಿ, ಮಾತಾಡುತ್ತ ಕೆಳಗಿಳಿದ.

ಆ ಹೊತ್ತಿಗೆ ನನಗೆ ಆದದ್ದು ಸಿಟ್ಟಲ್ಲ. ಒಂದು ಬಗೆಯ ಸಮಾಧಾನ. ಇಷ್ಟು ದಿನ ಹುಡುಕುತ್ತಿದ್ದುದು ಸಿಕ್ಕಿತಲ್ಲ ಎಂದು. ನೇರ ಯಜಮಾನರ ಕೋಣೆಗೆ ಹೋಗಿ ಹೇಳಬೇಕೆಂದು ಬಾಗಿಲವರೆಗೆ ನಡೆದೆ. ಅವರು ಒಳಗಿರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ, ಅದರಲ್ಲಿ ಸಂಶಯವಿಲ್ಲ. ಈ ಬರಹದಲ್ಲಿ ನನಗೆ ಸಂಶಯವಿಲ್ಲದ ಕೆಲವೇ ಸಂಗತಿಗಳಲ್ಲಿ ಇದೊಂದು.

ಹೇಳಲು ಸಾಕ್ಷಿ ಇನ್ನೂ ಬೇಕು ಅನ್ನಿಸಿ, ಅವನು ಮೇಲೆ ಬಂದಾಗ ಅವನನ್ನೇ ಕರೆದೆ. “ಇಲ್ಲಿ ಬಾ. ಸರ್ವರಿನಲ್ಲಿ ಯಾವ ಕಮಾಂಡ್ ಕೊಡ್ತೀಯೋ ಅದನ್ನೇ ನನ್ನ ಕಂಪ್ಯೂಟರಿನಲ್ಲಿ ಕೊಡು. ನನ್ನೆದುರು.”

“ಪೊಲೀಸ್ ಸ್ಟೇಷನ್ನಾ ಇದು ಚೇಚಿ?” ಅನ್ನುತ್ತ ಬಂದು ನಿಂತುಕೊಂಡೇ ಟೈಪ್ ಮಾಡಿದ. ಬಿಲ್ಡ್ ಮುಗಿಯಿತು. ಕಟ್ಟನ್ನು ಬಿಚ್ಚಿ ನೋಡಿದರೆ, ಬೆಳಿಗ್ಗೆಯಷ್ಟೇ ಕನ್ನಡ ಕಂಡಿದ್ದ ನನ್ನದೇ ಕಂಪ್ಯೂಟರಿನಲ್ಲಿ ಕನ್ನಡ ಇಲ್ಲ.

ಅವನ ಮುಖದ ನಗು ಹೋಯಿತು. ಕುರ್ಚಿ ಎಳೆದುಕೊಂಡು ಕೂತ.

ನಾನು ದಿನವೂ ಕೊಡುವ ಕಮಾಂಡಿಗೂ ಅವನದಕ್ಕೂ ಇದ್ದ ವ್ಯತ್ಯಾಸ ಒಂದೇ ಮಾತು. ಅವನದರ ಕೊನೆಯಲ್ಲಿ ‘ರಿಲೀಸ್’ ಎಂಬ ಪ್ರೊಫೈಲಿನ ಹೆಸರಿತ್ತು. ಗಿರಾಕಿಗೆ ಹೋಗುವ ಕಟ್ಟಿಗೆ ಡಿಜಿಟಲ್ ಸಹಿ ಹಾಕಲು ಅವನು ಇತ್ತೀಚೆಗೆ ಸೇರಿಸಿದ್ದು, ಕನ್ನಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ. “ಅದನ್ನು ತೆಗ್ದು ಕೊಡು,” ಅಂದೆ. ಕೊಟ್ಟ. ಕನ್ನಡ ಬಂತು. ಪುನಃ ಸೇರಿಸಿದ. ಹೋಯಿತು.

“ಇದೆಂಥ ಮಂತ್ರವಾದ?” ಅಂದ ಅವನು.

ಸಾಧನದ ನಿಯಮಗಳನ್ನು ತೆರೆದು ಇಬ್ಬರೂ ಓದಿದೆವು. ಕನ್ನಡವನ್ನು ಇಟ್ಟಿದ್ದ ಪ್ರೊಫೈಲಿಗೆ ‘ತಾನಾಗಿ ಚಾಲೂ ಇರಲಿ’ ಎಂದು ಬರೆದಿತ್ತು. ಅದರ ಅರ್ಥ ಯಾವಾಗಲೂ ಇರಲಿ ಎಂದು ನಾವು ತಿಳಿದಿದ್ದೆವು. ಅದರ ಅರ್ಥ ಹಾಗಲ್ಲ. ಅದೇ ಫೈಲಿನ ಬೇರೆ ಯಾವ ಪ್ರೊಫೈಲನ್ನೂ ಹೆಸರು ಹಿಡಿದು ಕರೆಯದಿದ್ದರೆ ಮಾತ್ರ ಇದು ಇರುತ್ತದೆ. ಇನ್ನೊಂದನ್ನು ಕರೆದ ಕೂಡಲೇ ಇದು ಸದ್ದಿಲ್ಲದೆ ಹೊರಗೆ ನಡೆಯುತ್ತದೆ. ಯಾರೂ ಅಟ್ಟಬೇಕಾಗಿಲ್ಲ, ಯಾರೂ ಮುಟ್ಟಬೇಕಾಗಿಲ್ಲ.

“ಕಂಡ್ರಾ, ತೊಟ್ಟಿಲ್ಲ ಅಂತ ಹೇಳಿದ್ದಲ್ಲವಾ,” ಅಂದ.

ನಿಜ. ಆದರೂ ನಾನು ಬಿಡಲಿಲ್ಲ. “ಕನ್ನಡವನ್ನು ಆ ಕೋಣೆಯಲ್ಲಿ ಇಟ್ಟದ್ದು ಯಾರು? ಮಲಯಾಳ ಮೇಲೆ, ಮುಖ್ಯ ಪಟ್ಟಿಯಲ್ಲೇ ಉಂಟಲ್ಲ?”

“ನೀವೇ ಹೇಳಿದ್ದು. ನನ್ನ ಅನುವಾದ ಇನ್ನೂ ಮುಗೀಲಿಲ್ಲ, ಬೇರೆಯವರಿಗೆ ತೊಂದರೆ ಆಗುದು ಬೇಡ, ಬದಿಗೆ ಇಡು ಅಂತ.”

“ನಾನಾ? ಕೆಳಗಿನ ಚಾಯದ ಅಂಗಡಿಯಲ್ಲಿ ನೀನೇ ಹೇಳಿದ್ದಲ್ಲವಾ, ಮೇಲೆ ಇಟ್ರೆ ಅದು ಕೆಟ್ಟಾಗ ಎಲ್ಲ ನಿಲ್ತದೆ ಅಂತ?”

“ಚಾಯದ ಅಂಗಡಿಯಾ? ಅದು ಓಪನ್ ಆದದ್ದೇ ಈ ಓಣಕ್ಕೆ ಅಲ್ಲವಾ?”

ಹೌದು, ಅಂಗಡಿ ಆಮೇಲೆ ಬಂದದ್ದು. ನನ್ನ ನೆನಪಿನಲ್ಲಾದರೋ ಬಾಳೆಹಣ್ಣು ಕರಿದ ಪಳಂಪೊರಿಯ ಎಣ್ಣೆ ಹತ್ತಿದ ಕಾಗದವೂ ಇತ್ತು, ಅವನು ಕೈ ಒರೆಸಿಕೊಳ್ಳುತ್ತ ಆ ಮಾತು ಹೇಳಿದ್ದೂ ಇತ್ತು. ಮಾತು ನಿಜವಾಗಿದ್ದು ಅಂಗಡಿ ಮಾತ್ರ ಎಲ್ಲಿಂದಲೋ ಬಂದು ಸೇರಿಕೊಂಡಿತೇ, ಅಥವಾ ಎರಡನ್ನೂ ನಾನೇ ಜೋಡಿಸಿಕೊಂಡೆನೇ? ಹಳೆಯ ಬದಲಾವಣೆಗಳ ದಾಖಲೆಯೂ ಉಪಯೋಗಕ್ಕೆ ಬರಲಿಲ್ಲ. ಸರ್ವರು ಬದಲಾಯಿಸುವಾಗ ಎಲ್ಲ ಸಾಲುಗಳೂ ಒಂದೇ ದಿನ ಹುಟ್ಟಿದ ಹಾಗೆ ದಾಖಲಾಗಿದ್ದವು. ಯಾರು ಹೇಳಿದ್ದು ಎಂದು ಇನ್ನು ತಿಳಿಯುವುದಿಲ್ಲ. ಅವನ ಮಾತು ನಾನು ಆಡಬಹುದಾದ ಮಾತಿನ ಹಾಗೆಯೇ ಕೇಳಿಸುತ್ತದೆ ಎಂಬುದು ನನಗೆ ಇಷ್ಟವಾಗಲಿಲ್ಲ.

ನನ್ನ ಮಾಡ್ಯೂಲಿನ ಸಾಲನ್ನು ಕೋಣೆಯಿಂದ ತೆಗೆದು ಮೇಲೆ, ಮುಖ್ಯ ಪಟ್ಟಿಯಲ್ಲಿ, ಮಲಯಾಳದ ಸಾಲಿನ ಪಕ್ಕಕ್ಕೆ ಹಾಕಿದೆ. ಅವನು ಪರಿಶೀಲಿಸಿ ಒಪ್ಪಿಗೆ ಕೊಡಬೇಕಿತ್ತು. ಕೊಡುವ ಮೊದಲು ಕೇಳಿದ.

“ಚೇಚಿ, ಇನ್ನು ಇದು ಬಿದ್ರೆ ಎಲ್ಲ ಬೀಳ್ತದೆ. ಕಾಸರಗೋಡಿನಿಂದ ತೃಕ್ಕರಿಪುರದವರೆಗೆ ಯಾವ ಸೊಸೈಟಿಗೂ ಹೊಸ ಬಿಲ್ಡ್ ಹೋಗುದಿಲ್ಲ. ಆಗ್ತದಾ?”

“ಆಗ್ತದೆ. ಬಿದ್ರೆ ಸದ್ದಾದ್ರೂ ಆಗ್ತದಲ್ಲ.”

ಸೋಮವಾರ ಅಡೂರಿನಲ್ಲಿ ಚೀಟಿ ಕನ್ನಡದಲ್ಲಿ ಬಂತು. ಕಾರ್ಯದರ್ಶಿಯವರು ಅದನ್ನು ಮೇಲಿಂದ ಕೆಳಗೆ ಓದಿ, “ಫ್ಯಾಟಿಗೆ ಕನ್ನಡ ಇಲ್ಲವಾ ಮೇಡಂ?” ಎಂದರು. ಹೆಂಗಸರು ತಮ್ಮ ಚೀಟಿಗಳನ್ನು ತಾವೇ ಓದಿ, ಮಡಚಿ, ಹೋದರು. ಕನ್ನಡ ತೆಗೆಯುವ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ.

ಅದೇ ವಾರ ಅವನು ಊಟದ ಹೊತ್ತಿಗೆ, ಯಾರೂ ಕೇಳದೆಯೇ, ಮಗಳಿಗೆ ಕನ್ನಡಕ ಮಾಡಿಸಿದೆ ಎಂದ. ಹೆಂಡತಿ ಬೇಗ ಬೇಕೆಂದಳು, ತಾನು ಇನ್ನೊಬ್ಬ ಡಾಕ್ಟರಿಗೆ ತೋರಿಸಿದ ಮೇಲೆ ನೋಡುವ ಎಂದಿದ್ದೆ ಎಂದ. ಮಲಯಾಳದಲ್ಲಿ ಕನ್ನಡಕಕ್ಕೆ ಕಣ್ಣಡ ಎನ್ನುತ್ತಾರೆ. ನಮ್ಮ ಭಾಷೆಯ ಹೆಸರಿನಲ್ಲಿ ನಕಾರ, ಅದರಲ್ಲಿ ಣಕಾರ, ವ್ಯತ್ಯಾಸ ಅಷ್ಟೇ. ಮೆಟ್ಟಿಲ ಬಳಿ ನನಗೆ ಕೇಳಿಸಿದ್ದು ಯಾವುದು? ಆಗ ನಕಾರ ಎಂದು ಪ್ರಮಾಣ ಮಾಡುತ್ತಿದ್ದೆ. ಈಗ ಎಷ್ಟು ಸಲ ನೆನಪಿಸಿಕೊಂಡರೂ ನಳ್ಳಿಯ ನೀರಿನ ಸದ್ದೇ ಕೇಳಿಸುತ್ತದೆ. ಯಾರೂ ಕೇಳದೆ ಅವನು ಅದನ್ನು ಯಾಕೆ ಹೇಳಿದ ಎಂಬ ಪ್ರಶ್ನೆಯೂ ಒಳಗೆ ಎಲ್ಲೋ ಇದೆ. ಅದು ಹೋಗಲಿಲ್ಲ.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಬಸ್ಸಿಳಿದು ಮೆಟ್ಟಿಲು ಹತ್ತುವಾಗಲೇ ಕಚೇರಿಯಲ್ಲಿ ಗದ್ದಲ ಕೇಳಿಸಿತು. ಹಿಂದಿನ ದಿನ ನಾನು ‘ಫ್ಯಾಟ್’ ತೆಗೆದು ‘ಜಿಡ್ಡು’ ಎಂದು ಬರೆಯಲು ಹೋಗಿ ಫೈಲಿನಲ್ಲಿ ಒಂದು ಚಿಹ್ನೆ ಬಿಟ್ಟಿದ್ದೆ. ಸರ್ವರಿನ ಪರದೆಯ ಮೇಲೆ ಉದ್ದಕ್ಕೂ ಕೆಂಪು ಅಕ್ಷರ. ಯಾರ ಕೆಲಸವೂ ಮುಂದೆ ಹೋಗುತ್ತಿರಲಿಲ್ಲ.

“ಬಂದ್ರಾ ಚೇಚಿ,” ಅಂದ ಅವನು ಕೂತಲ್ಲಿಂದಲೇ. “ನಿಮ್ಮ ಕನ್ನಡ ಎಲ್ಲರನ್ನೂ ನಿಲ್ಸಿ ಕೂತಿದೆ.”

ಯಜಮಾನರು ಕೋಣೆಯಿಂದ ಇಣುಕಿ, “ಬೇಗ ಎಂತಾದ್ರೂ ಮಾಡು ಮಾರಾಯ್ತಿ,” ಎಂದರು. ತೆಗೆದುಬಿಡುವ ಎನ್ನಲಿಲ್ಲ. ಈಗ ಅದನ್ನು ತೆಗೆಯಬೇಕಾದರೆ ಯಾರಾದರೂ ಆ ಸಾಲನ್ನು ಮುಟ್ಟಲೇಬೇಕು.

ನಾನು ಚೀಲ ಕೆಳಗಿಟ್ಟು ಕೂತೆ. ತಪ್ಪು ಯಾವ ಸಾಲಿನಲ್ಲಿದೆ ಎಂದು ಪರದೆಯ ಮೇಲೆಯೇ ಬರೆದಿತ್ತು.