ಸರಿದು ಕೊಟ್ಟ ಜಾಗ

ನಿಪ್ಪಾಣಿಯ ಕಾಲೇಜೊಂದರಲ್ಲಿ ನಾನು ಸಂಶೋಧನೆಗೆ ಸೇರಿದಾಗ, ಒಂದಕ್ಕೊಂದು ಜೋಡಿಸಿದ ಹದಿನಾರು ಕಂಪ್ಯೂಟರುಗಳ ಕ್ಲಸ್ಟರನ್ನು ನಾವೆಲ್ಲರೂ ಹಂಚಿಕೊಂಡು ಬಳಸುತ್ತಿದ್ದೆವು. ಕೃಷ್ಣೆಗೆ ಮಹಾಪೂರ ಬಂದರೆ ಕಾಗವಾಡ, ಅಥಣಿ, ರಾಯಬಾಗದ ಯಾವ ಹೊಲಗಳಿಗೆ ನೀರು ಮೊದಲು ನುಗ್ಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಪ್ರೋಗ್ರಾಮಿನ ಕೆಲಸ. ನದಿತೀರವನ್ನು ತುಂಡುಗಳಾಗಿ ವಿಂಗಡಿಸಿ, ಸಿಕ್ಕಷ್ಟು ಕಂಪ್ಯೂಟರುಗಳಿಗೆ ಹಂಚುವಂತೆ ಅದನ್ನು ಬರೆದಿದ್ದೆ. ನಡುವೆ ಕೆಲವನ್ನು ಕಿತ್ತುಕೊಂಡರೆ ಕುಗ್ಗಿಕೊಂಡು ಮುಂದುವರಿಯುತ್ತಿತ್ತು. ಮರಳಿ ಕೊಟ್ಟರೆ ಹಿಗ್ಗುತ್ತಿತ್ತು. ಮನೆತನದ ಮೊದಲ ಪದವೀಧರೆಯಾದ ನನಗೆ ಅದರ ಈ ಗುಣದ ಬಗ್ಗೆ ಹೆಮ್ಮೆಯಿತ್ತು.

ಸೋಮವಾರ ಸಮಿತಿಯ ಮುಂದೆ ಫಲಿತಾಂಶ ಇಡದಿದ್ದರೆ ನನ್ನ ನೋಂದಣಿ ರದ್ದಾಗುವುದಿತ್ತು. ಶುಕ್ರವಾರ ನೋಡಿದರೆ ಪ್ರೋಗ್ರಾಮು ಒಂದೇ ಕಂಪ್ಯೂಟರಿನ ಮೇಲೆ ತೆವಳುತ್ತಿತ್ತು. ಹೊಸಬರು ಬಂದಾಗಲೆಲ್ಲ ಕ್ಲಸ್ಟರು ನನ್ನದರಿಂದಲೇ ಕಿತ್ತು ಕೊಡುತ್ತಿತ್ತು. ಆಮೇಲೆ ಬಿಡುವಾದ ಕಂಪ್ಯೂಟರುಗಳು ನನಗೆ ಮರಳದೆ ಸರದಿಯಲ್ಲಿದ್ದ ಬೇರೆಯವರಿಗೆ ಹೋಗುತ್ತಿದ್ದವು.

ಹೋಗಿ ಕೇಳಿದರೆ, ಕ್ಲಸ್ಟರಿನ ಉಸ್ತುವಾರಿ ನೋಡುವ ಸರ್ ನಕ್ಕರು. “ನಿಮ್ದು ಸರಕೊಳ್ಳೋ ಪ್ರೋಗ್ರಾಮ್ ಐತಲ್ಲಾ ಅಕ್ಕಾರ, ತುಸು ಸರಕೊಂಡ್ರ ಏನಾತು?”

ಪಕ್ಕದಲ್ಲಿದ್ದ ಸಹಪಾಠಿ ದನಿಗೂಡಿಸಿದ. “ನಂದು ಅಳಿಯಾ ಇದ್ದಂಗ ನೋಡ್ರಿ. ಕೇಳಿದ ಎಂಟೂ ಕಂಪ್ಯೂಟರ್ ಕೊಟ್ರ ಕುಂದ್ರತೈತಿ, ಒಂದ್ ಕಮ್ಮಿ ಆದ್ರ ಮಾರಿ ತಿರುವತೈತಿ. ನೀವೂ ಕ್ಲಸ್ಟರಿನ ಅರ್ಜಿಯೊಳಗ ಹಂಗ ಬರದ್ಬಿಡ್ರಿ, ಕುಗ್ಗಂಗಿಲ್ಲ ಅಂತ.”

ಆ ಸುಳ್ಳನ್ನು ಬರೆಯಲು ಕ್ಷಣ ಸಾಕಿತ್ತು. ಆದರೆ ಕುಗ್ಗಲು, ಹಿಗ್ಗಲು ನಾನೇ ಕಲಿಸಿದ್ದನ್ನು ನಾನೇ ಹಟಮಾರಿಯೆಂದು ಏಕೆ ಬರೆಯಬೇಕು? ತಪ್ಪು ಕಂಪ್ಯೂಟರು ಹಂಚುವ ನಿಯಮದ್ದು. ಹಿರಿಯರೆದುರು ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ತಿದ್ದಿಕೊಂಡೇ ಆಡುವವಳು ನಾನು; ಅಂದು ನನ್ನೂರು ಏಕಸಂಬಿಯ ಮನೆಮಾತೇ ಬಂದುಬಿಟ್ಟಿತು.

“ಅಳಿಯಾಗ ಪಂಕ್ತಿಯೊಳಗ ಜಾಗಾ ಕೊಡ್ರಿ ಸರ್, ಬ್ಯಾಡ ಅನ್ನಂಗಿಲ್ಲ. ಆದ್ರ ಅವನ ಸಲುವಾಗಿ ಎದ್ದಾಕೀನ್ನ ಮೊದಲ ವಾಪಸ್ ಕುಂದ್ರಸ್ರಿ. ಬಾಗಲಾಗ ನಿಂತಾರನ್ನ ಆಮ್ಯಾಲ ಕರೀರಿ.”

“ನಿಯಮಾ ಹಂಗಿಲ್ಲರಿ.”

“ಅದನ್ನ ಬರದಾರು ನೀವ ಅಲ್ರಿ?”

ನಾನು ಅಲ್ಲಿಯೇ ನಿಂತೆ. ಕೊನೆಗೆ ಅವರು ಕೀಬೋರ್ಡನ್ನು ಹತ್ತಿರಕ್ಕೆಳೆದು ನಿಯಮಕ್ಕೊಂದು ಸಾಲು ಸೇರಿಸಿದರು: ಬಿಡುವಾದ ಕಂಪ್ಯೂಟರು ಮೊದಲು ಕುಗ್ಗಿದ ಪ್ರೋಗ್ರಾಮಿಗೆ. ಸಂಜೆಯ ಹೊತ್ತಿಗೆ ನನ್ನದು ಮತ್ತೆ ಹರಡಿಕೊಂಡಿತು. ಭಾನುವಾರ ಲೆಕ್ಕ ಮುಗಿಯಿತು. ಸೋಮವಾರ ಸಮಿತಿ ಅದನ್ನು ಒಪ್ಪಿತು.

ಹೊರಗೆ ಬಂದಾಗ ಸರ್ ಎದುರಾದರು. “ಇನ್ನ ಎಲ್ಲಾರೂ ನಿಯಮಾ ತಿದ್ದಸಾಕ ಬರ್ತಾರ ನೋಡ್ರಿ.”

“ಬರ್ಲಿ ಬಿಡ್ರಿ ಸರ್,” ಎಂದೆ. “ಅವರ ಕೂಡ ನಾನೂ ಬರ್ತೀನಿ.”